ಬೀದಿಯೆಲ್ಲ ಒಪ್ಪಿದ ನಾದಿನಿ

ಆ ಮನೆಯಲ್ಲಿ ನಾದಿನಿ ಎನಿಸಿಕೊಂಡಿದ್ದವಳು ನಿಜಕ್ಕೂ ಯಾರಿಗೂ ನಾದಿನಿಯಲ್ಲ. ಗಡಿಯಾಚೆಯಿಂದ ಬಂದವಳು. ಬಟ್ಟೆ ಕಾರ್ಖಾನೆಯೊಂದಕ್ಕೆ ಹೆಂಗಸರನ್ನು ಗುಂಪುಗುಂಪಾಗಿ ಕರೆತಂದಿದ್ದರು. ಕಾರ್ಖಾನೆ ಬಾಗಿಲು ಹಾಕಿತು, ಕರೆತಂದವನು ಕೈಯೆತ್ತಿದ, ಇವಳು ಹಿಂದಕ್ಕೆ ಹೋಗಲೂ ಆಗದೆ ಇಲ್ಲೇ ಉಳಿದಳು. ಗುಂಡಿ ಹೊಲಿಯುವ ಕೆಲಸವಾದರೂ ಸಿಕ್ಕೀತೆಂದು, ಶಾಲೆಯ ಸಮವಸ್ತ್ರ ಹೊಲಿಯುವ ಟೈಲರಮ್ಮನ ಅಂಗಡಿಗೆ ಬಂದಳು. ಅದೇ ವಾರ ಟೈಲರಮ್ಮನ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಇವಳಿಗೆ ಕೆಲಸ ಬೇಕಿತ್ತು, ಅವರಿಗೆ ಹಾಸಿಗೆಯ ಪಕ್ಕ ಒಬ್ಬರು ಬೇಕಿತ್ತು. ಮಾತುಕತೆ ಬೇಗ ಮುಗಿಯಿತು.

"ಪರವಾನಗಿ ಇಲ್ಲದವಳನ್ನ ಮನೇಲಿಟ್ಟುಕೊಂಡ್ರೆ ನನ್ನ ನೌಕರಿ ಗತಿ ಏನು?" ಎಂದು ಟೈಲರಮ್ಮನ ಗಂಡ ಆಗಲೇ ತಕರಾರು ತೆಗೆದಿದ್ದ. ಅವನದು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ನೌಕರಿ. ಟಿಕೆಟ್ ಇಲ್ಲದವನನ್ನು ಕತ್ತು ನೋಡಿಯೇ ಗುರುತು ಹಿಡಿಯುತ್ತೇನೆ ಎಂದು ಬೀಗುವ ಮನುಷ್ಯ.

"ನಿಮ್ಮ ಚಿಕ್ಕಮ್ಮನ ಮಗಳು ಅಂದ್ರಾಯ್ತು," ಎಂದಳು ಟೈಲರಮ್ಮ. "ದೂರದೂರಿಗೆ ಮದುವೆಯಾಗಿ ಹೋದ ನಿಮ್ಮ ಚಿಕ್ಕಮ್ಮನ್ನ ಈ ಬೀದೀಲಿ ಕಂಡವರು ಯಾರಿದಾರೆ?"

ಅಷ್ಟೇ ಸಾಕಾಯಿತು. ಅಂದಿನಿಂದ ಅವಳು ಅಜ್ಜಿಯನ್ನು ದೊಡ್ಡಮ್ಮ ಎಂದಳು, ಗಂಡನನ್ನು ಅಣ್ಣ ಎಂದಳು, ಟೈಲರಮ್ಮನನ್ನು ಅತ್ತಿಗೆ ಎಂದಳು. ಟೈಲರಮ್ಮನ ಮಗಳು ಅವಳನ್ನು ಅತ್ತೆ ಎಂದು ಕರೆದಳು. ಬೀದಿಗೆಲ್ಲ ಅವಳು ಟೈಲರಮ್ಮನ ನಾದಿನಿಯಾದಳು. ಇಲ್ಲಿನ ಮಾತನ್ನು ಅಜ್ಜಿಯ ಹಾಸಿಗೆಯ ಪಕ್ಕ ಕೂತು ಕಲಿತಿದ್ದರಿಂದ ಅವಳ ಬಾಯಲ್ಲಿ ಬರುವುದೂ ಎಪ್ಪತ್ತು ದಾಟಿದವರ ಮಾತೇ. ಹಾಲಿನವನು ತಡವಾಗಿ ಬಂದರೆ "ನಿನ್ನ ಸೋಮಾರಿತನಕ್ಕೆ ಬೆಂಕಿ ಬೀಳ" ಎಂದು ಅಜ್ಜಿಯ ರಾಗದಲ್ಲೇ ಬಯ್ಯುತ್ತಿದ್ದಳು. ಅಜ್ಜಿಗೆ ಬರಬರುತ್ತ ಮರೆವು ಹೆಚ್ಚಿ, ಅವಳು ತಮ್ಮ ತಂಗಿಯ ಮಗಳೇ ಎಂದು ಗಟ್ಟಿಯಾಗಿ ನಂಬಿಬಿಟ್ಟರು. ನಂಬದೆ ಉಳಿದವರು ಮನೆಯೊಳಗೆ ಮೂವರೇ. ಆ ಮೂವರೂ ಅದನ್ನು ನೆನೆಯುವ ಗೋಜಿಗೆ ಹೋಗುತ್ತಿರಲಿಲ್ಲ.

ಹಾಗೆ ಮೂರು ವರ್ಷ ಕಳೆದವು. ಇಕ್ಕಟ್ಟು ಶುರುವಾದದ್ದು ಮಗಳ ಬಾಯಿಂದ.

ಮಗಳು ಕಾನೂನು ಓದುತ್ತಿದ್ದಳು, ಕೊನೆಯ ವರ್ಷ. ಹೊರಗಿನಿಂದ ಬಂದು ನೆಲೆಸಿದವರಿಗೆಂದು ಅವರ ಕಾಲೇಜಿನ ವಿದ್ಯಾರ್ಥಿಗಳು ಪ್ರತಿ ಶನಿವಾರ ಬಿಟ್ಟಿ ಸಲಹಾ ಕೇಂದ್ರ ನಡೆಸುತ್ತಿದ್ದರು. ಅಲ್ಲಿಂದ ಬಂದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾರಿಗೋ ಬಾಡಿಗೆಯ ಮುಂಗಡ ವಾಪಸ್ ಕೊಡಿಸಿದೆವು, ಯಾರದೋ ಮಗುವನ್ನು ಶಾಲೆಗೆ ಸೇರಿಸಿದೆವು ಎಂದು ಊಟ ಮುಗಿಯುವವರೆಗೂ ಹೇಳುವಳು. ಮುಗಿದ ಮೇಲೆ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗುವಳು. ತಟ್ಟೆಯನ್ನು ಎತ್ತುವುದು ನಾದಿನಿಯ ಕೆಲಸ. ಟೈಲರಮ್ಮನಿಗೆ ಇದನ್ನು ಕಂಡಾಗೆಲ್ಲ ಮೈ ಉರಿಯುತ್ತಿತ್ತು, ಆದರೆ ಬೆಳಗಿನಿಂದ ಹೊಲಿಗೆ ಯಂತ್ರ ತುಳಿದು ಬಂದ ಕಾಲಿಗೆ ಎದ್ದು ಜಗಳವಾಡುವ ಶಕ್ತಿ ಇರುತ್ತಿರಲಿಲ್ಲ.

ಆ ಶನಿವಾರ ಮಗಳು ಕೈ ತೊಳೆಯದೆಯೇ ಊಟದ ಮೇಜಿಗೆ ಬಂದಳು.

"ಎಲ್ಲರೂ ಕೂತ್ಕೊಳ್ಳಿ. ಒಂದು ವಿಷಯ ಇದೆ."

"ವಿಷಯ ಆಮೇಲೆ. ಅನ್ನ ಆರುತ್ತೆ."

"ಅನ್ನ ಆರಿದ್ರೆ ಆರ್ಲಿ ಅಮ್ಮ. ಹೊಸ ನಿಯಮ ಬಂದಿದೆ. ವಯಸ್ಸಾದವರನ್ನ ನೋಡಿಕೊಳ್ತಾ ಒಂದೇ ಮನೇಲಿ ಮೂರು ವರ್ಷ ಕೆಲಸ ಮಾಡಿರೋ ಹೊರಗಿನವರಿಗೆ ಇಲ್ಲೇ ಇರೋಕೆ ಪರವಾನಗಿ ಕೊಡ್ತಾರೆ. ಮನೆಯವರು ಯಾರಾದ್ರೂ ಒಬ್ಬರು ಬಂದು ಅಧಿಕಾರಿ ಮುಂದೆ 'ಹೌದು, ನಮ್ಮಲ್ಲಿ ಕೆಲಸಕ್ಕಿದಾಳೆ' ಅಂತ ಹೇಳ್ಬೇಕು. ಇಬ್ಬರು ನೆರೆಯವರು ಹೌದು ಅನ್ಬೇಕು. ಅಷ್ಟೇ."

ಬಡಿಸುತ್ತಿದ್ದ ನಾದಿನಿಯ ಕೈಯಲ್ಲಿ ಸೌಟು ನಿಂತಿತು. "ಆ ಪರವಾನಗಿ ಇದ್ರೆ ಊರಿಗೆ ಹೋಗಿ ತಿರುಗಿ ಬರಬೋದಾ?"

"ಧಾರಾಳವಾಗಿ. ಯಾರೂ ತಡೆಯೋ ಹಾಗಿಲ್ಲ ಅತ್ತೆ."

ನಾದಿನಿ ಸೌಟನ್ನು ಪಾತ್ರೆಯೊಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ಗಡಿಯಾಚೆ ಅವಳ ತಾಯಿಯ ಬಳಿ ಅವಳ ಮಗಳಿದ್ದಳು. ಬಿಟ್ಟು ಬಂದಾಗ ಮಡಿಲಲ್ಲಿ ಮಲಗುತ್ತಿದ್ದ ಹುಡುಗಿ ಈಗ ಫೋನಿನಲ್ಲಿ ದೊಡ್ಡವರ ಹಾಗೆ ಕ್ಷೇಮ ಕೇಳುತ್ತಿದ್ದಳು. ನೋಡಿ ಬರಲು ಹೋದರೆ ಮರಳಿ ಬರಲಾಗದು. ಮರಳಿ ಬರದಿದ್ದರೆ ಅಲ್ಲಿ ಒಲೆ ಉರಿಯದು. ಇದು ಮನೆಯವರಿಗೆಲ್ಲ ಗೊತ್ತಿತ್ತು.

ಗಂಡ ತುತ್ತು ನುಂಗಿ, ನೀರು ಕುಡಿದು, ಲೋಟವನ್ನು ಕುಟ್ಟಿದ. "ಅಂದ್ರೆ ಮೂರು ವರ್ಷ ಸರ್ಕಾರದ ಕಣ್ಣಿಗೆ ಮಣ್ಣೆರಚಿದೀನಿ ಅಂತ ನಾನೇ ಹೋಗಿ ಒಪ್ಕೋಬೇಕು."

"ದಂಡ ಹಾಕ್ತಾರಪ್ಪ. ಜೈಲಿಗೇನು ಹಾಕಲ್ಲ."

"ಏನು ಧಾರಾಳ! ಡಿಪೋಗೆ ನೋಟೀಸು ಬಂದ್ರೆ? ಟಿಕೆಟ್ ಇಲ್ಲದವರನ್ನ ಹಿಡಿಯೋನು ಮನೇಲಿ ಏನು ಮಾಡಿದಾನೆ ನೋಡಿ ಅಂತ ಕಂಡಕ್ಟರುಗಳು ಆಡಿಕೊಂಡು ನಗಲ್ವಾ? ನಾನು ಬರಲ್ಲ. ನನ್ನ ಹೆಸರೂ ಎತ್ತಕೂಡದು."

"ಅಣ್ಣ ಹೇಳೋದೂ ಸರಿ," ಎಂದಳು ನಾದಿನಿ. ಹಾಗೆಂದು ಅಡುಗೆಮನೆಗೆ ಹೋದವಳು ಮತ್ತೆ ಬಡಿಸಲು ಬರಲಿಲ್ಲ.

ಒಳಕೋಣೆಯಿಂದ ಅಜ್ಜಿ ಕೂಗಿದರು. "ಏನದು ಗಲಾಟೆ? ನನ್ನ ತಂಗಿ ಮಗಳಿಗೆ ಯಾರೇನಂದ್ರು?"

"ನಾನು ಬರ್ತೀನಿ," ಎಂದಳು ಟೈಲರಮ್ಮ. ಗಂಡ ಅವಳ ಮುಖವನ್ನು ದುರುಗುಟ್ಟಿ ನೋಡಿ ಎದ್ದು ಹೋದ. ಮಗಳು ಅಮ್ಮನ ಕತ್ತು ತಬ್ಬಿಕೊಂಡು ಮುದ್ದು ಮಾಡಿ, ಯಾರಿಗೋ ಫೋನು ಮಾಡಲು ಓಡಿದಳು. ತಟ್ಟೆ ಅಲ್ಲೇ ಉಳಿಯಿತು.

ಮುಂದಿನ ಶನಿವಾರ ಟೈಲರಮ್ಮ ಅಂಗಡಿ ಮುಚ್ಚಿ ನಾದಿನಿಯನ್ನು ಕರೆದುಕೊಂಡು ಕೇಂದ್ರಕ್ಕೆ ಹೋದಳು. ಕೇಂದ್ರವೆಂದರೆ ಕಾಲೇಜಿನ ಹಿಂದಿನ ಹಳೆಯ ಸೈಕಲ್ ನಿಲ್ದಾಣ. ತಗಡಿನ ಮಾಡಿನ ಕೆಳಗೆ ನಾಲ್ಕಾರು ಮೇಜು, ಉದ್ದನೆಯ ಬೆಂಚುಗಳು, ಬೆಂಚಿನ ತುಂಬ ಜನ. ಗಾರೆ ಕೆಲಸದವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು. ಬಿಟ್ಟಿ ಎಂದರೂ ಅವರ ಮುಖದಲ್ಲಿ ನಂಬಿಕೆ ಕಾಣುತ್ತಿರಲಿಲ್ಲ. ಅವರ ನಡುವೆ ಮಗಳು ಓಡಾಡುತ್ತಿದ್ದಳು. ಒಬ್ಬ ಮುದುಕನಿಗೆ ಬಾಗಿ ಬಾಗಿ ಏನೋ ವಿವರಿಸಿದಳು. ಅವನು ಕೆಮ್ಮಿದ್ದೇ ತಡ ಓಡಿ ಹೋಗಿ ನೀರು ತಂದಳು, ಕುಡಿದ ಲೋಟವನ್ನು ತಾನೇ ತೊಳೆದಿಟ್ಟಳು.

"ನೋಡಿದ್ಯಾ," ಎಂದಳು ಟೈಲರಮ್ಮ ನಾದಿನಿಯ ಕಿವಿಯಲ್ಲಿ. "ಇವಳಿಗೆ ಲೋಟ ತೊಳೆಯೋಕೆ ಬರುತ್ತೆ."

ನಾದಿನಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಬಿಡಿ ಅತ್ತಿಗೆ, ಹೆಣ್ಣು ಮಗು. ನೋಡಿದವರ ಕಣ್ಣು ಬಿದ್ದೀತು."

ಸ್ವಂತ ಮನೆಯವರ ಅರ್ಜಿಯನ್ನು ತಾನು ಮುಟ್ಟುವಂತಿಲ್ಲ, ಅದು ಕೇಂದ್ರದ ಕಟ್ಟುನಿಟ್ಟು ಎಂದು ಮಗಳು ಮೊದಲೇ ಹೇಳಿದ್ದಳು. ಕೆಲಸವನ್ನು ಅವಳ ಗೆಳತಿ ವಹಿಸಿಕೊಂಡಿದ್ದಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹುಡುಗಿ. ಒಮ್ಮೆ ಮನೆಗೆ ಬಂದಾಗ ಅಜ್ಜಿ ಮಲಗಿದಲ್ಲಿಂದಲೇ ನೋಡಿ "ಯಾರೇ ಈ ಏಣಿ?" ಎಂದಿದ್ದರು. ಅಂದಿನಿಂದ ಮನೆಯಲ್ಲಿ ಅವಳ ಹೆಸರೇ ಏಣಿ.

ಏಣಿ ಬಹಳ ಅಚ್ಚುಕಟ್ಟಿನವಳು. ಎಲ್ಲ ಕೇಳಿಕೊಂಡಳು, ಉಸ್ತುವಾರಿ ನೋಡುವ ಅಧ್ಯಾಪಕಿಯನ್ನು ಹಿಡಿದು ತಂದು ಸಹಿ ಹಾಕಿಸಿದಳು. ಏಳುವ ಹೊತ್ತಿಗೆ ಟೈಲರಮ್ಮ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಹೇಳಿದಳು.

"ನೆರೆಯವರನ್ನ ಕೇಳ್ತಾರೆ ಅಂದ್ಯಲ್ಲಮ್ಮ. ಅವರಿಗೆಲ್ಲ ನಾವು ಇವಳು ನಾದಿನಿ ಅಂತಲೇ ಹೇಳಿದೀವಿ. ಎದುರುಮನೆ ಮೇಷ್ಟ್ರಿಗೂ ಮೂಲೆ ಅಂಗಡಿಯಾಕೆಗೂ ನಿಜ ಏನು ಅಂತ ಇವತ್ತೇ ಹೇಳಿಬಿಡ್ತೀನಿ."

"ಬೇಡ!" ಎಂದರು ಇಬ್ಬರು ಹುಡುಗಿಯರೂ ಒಟ್ಟಿಗೆ.

"ಸಾಕ್ಷಿಗಳಿಗೆ ಮೊದಲೇ ಹೇಳಿಕೊಡಬಾರದು ಆಂಟಿ," ಎಂದಳು ಏಣಿ. "ನಮಗೆ ಮೊದಲ ವರ್ಷದಲ್ಲೇ ಕಲಿಸೋ ಪಾಠ ಅದು. ಗೊತ್ತಾದ್ರೆ ಅರ್ಜಿನೇ ಬಿದ್ದು ಹೋಗುತ್ತೆ."

"ಆದ್ರೆ ಅವರಿಗೆ ಗೊತ್ತಿರೋದೇ ಸುಳ್ಳಲ್ವಾ?"

"ಅಮ್ಮ, ಅವರು ಮೂರು ವರ್ಷ ಕಣ್ಣಾರೆ ನೋಡಿಲ್ವಾ? ಅಜ್ಜಿನ ಬಿಸಿಲಿಗೆ ಕೂರಿಸೋದು ಯಾರು, ಬಟ್ಟೆ ಒಗೆಯೋದು ಯಾರು? ಕಂಡದ್ದನ್ನ ಹೇಳ್ತಾರೆ. ನಿಜ ತಾನಾಗೇ ಬರುತ್ತೆ."

ಕಲಿತವರು ಹೇಳುತ್ತಿದ್ದಾರೆ, ತನಗೇಕೆ ಅಧಿಕ ಪ್ರಸಂಗ ಎಂದು ಟೈಲರಮ್ಮ ಸುಮ್ಮನಾದಳು. ಆಮೇಲೆ ಅದನ್ನು ನೆನೆದು ಅವಳು ತಲೆ ಚಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ.

ವಿಚಾರಣೆಯವನು ಬಂದದ್ದು ಹೇಳದೆ ಕೇಳದೆ, ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಕಾಲರು ಕತ್ತರಿಸುತ್ತಿದ್ದ ಟೈಲರಮ್ಮನಿಗೆ ಯಾರೋ ಬಂದು ಸುದ್ದಿ ಮುಟ್ಟಿಸಿದರು. ಕತ್ತರಿಯನ್ನು ಅಲ್ಲೇ ಬಿಸಾಕಿ ಓಡಿ ಬರುವಷ್ಟರಲ್ಲಿ ಆ ಮನುಷ್ಯ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮೇಷ್ಟ್ರ ಗೇಟಿನಲ್ಲಿ ನಿಂತಿದ್ದ. ಸುತ್ತ ಆಗಲೇ ಗುಂಪು ಕೂಡಿತ್ತು.

"ಕೆಲಸದವಳಾ?" ನಿವೃತ್ತ ಮೇಷ್ಟ್ರು ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳುತ್ತಿದ್ದರು. "ಯಾರ್ರೀ ನಿಮಗೆ ಹಾಗೆ ಹೇಳಿದ್ದು? ಆ ಮನೆ ಮಗಳು ಕಣ್ರೀ ಅವಳು. ಅಜ್ಜಿಯ ಖಾಸಾ ತಂಗಿ ಮಗಳು. ಮೂಗು ನೋಡಿ ಒಂದು ಸಲ. ಅಜ್ಜಿಯದೇ ಮೂಗು!"

"ಮೇಷ್ಟ್ರೇ..." ಎಂದಳು ಟೈಲರಮ್ಮ.

ಮೇಷ್ಟ್ರು ಅವಳಿಗೆ ಕಣ್ಣಿನಲ್ಲೇ ಧೈರ್ಯ ಹೇಳಿದರು. ನೀನು ಸುಮ್ಮನಿರು, ನಾನಿದ್ದೇನೆ ಎಂಬಂತೆ. ಮೂಲೆ ಅಂಗಡಿಯಾಕೆ ತಕ್ಕಡಿ ಬಿಟ್ಟು ಬಂದವಳು, "ಹೊಟ್ಟೇಲಿ ಹುಟ್ಟಿದ ಮಗಳೂ ಆ ಅಜ್ಜಿನ ಹಾಗೆ ನೋಡ್ಕೊಳ್ಳಲ್ಲ ಸಾರ್. ಯಾರೋ ಆಗದವರು ಚಾಡಿ ಹೇಳಿರ್ಬೇಕು. ಅವರ ನಾಲಿಗೆ ಸೇದಿ ಹೋಗ," ಎಂದು ಸೇರಿಸಿದಳು. ಇಡೀ ಬೀದಿ ತಲೆಯಾಡಿಸಿತು. ಅಷ್ಟು ಒಗ್ಗಟ್ಟನ್ನು ಆ ಬೀದಿ ಚರಂಡಿ ಕಟ್ಟಿಕೊಂಡಾಗಲೂ ತೋರಿಸಿರಲಿಲ್ಲ.

ಮನೆಯೊಳಗೆ ಬಂದರೆ ಇನ್ನೊಂದು. ಅಜ್ಜಿ ನಾದಿನಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇವಳಮ್ಮನಿಗೆ ನಾನೇ ಜಡೆ ಹಾಕ್ತಿದ್ದೆ," ಎಂದು ಕಣ್ಣೀರು ತೆಗೆದರು. ವಿಚಾರಣೆಯವನು ನಾದಿನಿಯ ಕಡೆ ತಿರುಗಿ, ನೀನು ನಿಜಕ್ಕೂ ಗಡಿಯಾಚೆಯಿಂದ ಕೆಲಸಕ್ಕೆ ಬಂದವಳಾ ಎಂದು ಕೇಳಿದ. ಹೆದರಿಕೆಗೆ ಅವಳ ಬಾಯಿಂದ ಬಂದದ್ದು ಅಜ್ಜಿಯ ಮಾತೇ. "ಹೌದು ನನ್ನಪ್ಪ. ನಿನ್ನ ಹೊಟ್ಟೆ ತಣ್ಣಗಿರ್ಲಿ, ನನ್ನ ಬಾಯಿಗೆ ಮಣ್ಣು ಹಾಕ್ಬೇಡ."

ಅವನು ನಕ್ಕುಬಿಟ್ಟ. "ಗಡಿಯಾಚೆಯಿಂದ ಕೆಲಸಕ್ಕೆ ಬಂದವರು ಹೀಗೆ ಮಾತಾಡೋದನ್ನ ನಾನು ಕೇಳಿಲ್ಲಮ್ಮ. ಸಂಬಂಧಿ ಅಂತ ಹೇಳ್ತೀನಿ. ಪರವಾನಗಿ ಆಸೆಗೆ ನೆಂಟರನ್ನೇ ಕೆಲಸದವರು ಅಂತ ತೋರಿಸಿ ಸುಳ್ಳು ಅರ್ಜಿ ಹಾಕೋರೇ ಜಾಸ್ತಿ ಆಗಿದಾರೆ." ಟೈಲರಮ್ಮ ಗೇಟಿನವರೆಗೂ ಅವನ ಹಿಂದೆಯೇ ಹೋಗಿ ಬೇಡಿಕೊಂಡಳು. ಹೇಳುವುದಿದ್ದರೆ ಅಧಿಕಾರಿಯ ಮುಂದೆ ಹೇಳಿ ಎಂದು ಅವನು ಗಾಡಿ ಹತ್ತಿದ.

ಸಂಜೆ ಮನೆ ರಣರಂಗವಾಯಿತು. ಸುದ್ದಿ ಕೇಳಿ ಏಣಿಯೂ ಬಂದಿದ್ದಳು. ಸಂಬಂಧಿ ಎಂದು ತೀರ್ಮಾನವಾದರೆ ಅರ್ಜಿ ತಿರಸ್ಕಾರ, ಗಡಿಯಾಚೆಯವಳೆಂದು ಅರ್ಜಿಯಲ್ಲೇ ಬರೆದದ್ದರಿಂದ ಸುಳ್ಳು ಹೇಳಿದಳೆಂದು ಗಡಿ ದಾಟಿಸುವುದೂ ಉಂಟು, ಮತ್ತೆ ಬರುವ ಬಾಗಿಲೇ ಮುಚ್ಚುತ್ತದೆ ಎಂದು ತಡವರಿಸುತ್ತ ಹೇಳಿದಳು.

"ನಿಜ ತಾನಾಗೇ ಬರುತ್ತೆ ಅಂದ್ರಲ್ಲ," ಎಂದಳು ಟೈಲರಮ್ಮ. "ಬಂತಾ?"

"ಅಮ್ಮ, ನಿಯಮ ಇರೋದೇ ಹಾಗೆ..."

"ನಿಯಮಕ್ಕೆ ಬೆಂಕಿ ಹಾಕು! ಅವತ್ತೇ ಹೇಳಿಬಿಟ್ಟು ಬರ್ತೀನಿ ಅಂದೆ. ಪುಸ್ತಕದ ಬದನೆಕಾಯಿ ತಂದು ನನ್ನ ಬಾಯಿ ಮುಚ್ಚಿಸಿದ್ರಿ."

"ಮೂರು ವರ್ಷ ಸುಳ್ಳು ಹೇಳಿದ್ದು ನಾವಾ ನೀವಾ?" ಎಂದು ಮಗಳು ಕಿರುಚಿದಳು. ಕಿರುಚಿ ಅಳಲು ಶುರು ಮಾಡಿದಳು.

ಗಂಡ ಚಪ್ಪಲಿ ಬಿಡುತ್ತಲೇ ಕೇಳಿಸಿಕೊಂಡ. "ಒಳ್ಳೇದೇ ಆಯ್ತು. ಇದ್ದ ಹಾಗೇ ಇರ್ಲಿ ಅಂತ ನಾನು ಮೊದಲೇ ಬಡ್ಕೊಂಡೆ."

"ಇದ್ದ ಹಾಗೇ ಇರೋ ಹಾಗಿಲ್ಲ ರೀ! ಈಗ ಸರ್ಕಾರಕ್ಕೆ ಅವಳ ಮನೆ ಬಾಗಿಲು ಗೊತ್ತಾಗಿದೆ."

ಇದು ಅವನಿಗೂ ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಕೂತ. ಅಡುಗೆಮನೆಯಿಂದ ಆಲೂಗಡ್ಡೆ ಸೀದ ವಾಸನೆ ಬಂತು. ಮೂರು ವರ್ಷದಲ್ಲಿ ನಾದಿನಿಯ ಕೈಯಲ್ಲಿ ಏನೂ ಸೀದಿರಲಿಲ್ಲ. ಅವಳು ಒಲೆಯ ಮುಂದೆ ಬಾಣಲೆ ನೋಡುತ್ತ ನಿಂತೇ ಇದ್ದಳು.

"ಮಗಳಿಗೆ ಬರ್ತೀನಿ ಅಂತ ಹೇಳಿಬಿಟ್ಟಿದೀನಿ ಅತ್ತಿಗೆ," ಎಂದಳು. "ಹೇಳಬಾರದಿತ್ತು."

ಟೈಲರಮ್ಮ ಮರುದಿನವೇ ಮೇಷ್ಟ್ರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಮೇಷ್ಟ್ರ ಮುಖ ಕಪ್ಪಿಟ್ಟಿತು. "ಮೂರು ವರ್ಷ ನನ್ನ ಕಿವಿಗೆ ಹೂವಿಟ್ರಾ? ನನ್ನ ಹೆಂಡತಿ ಕಾಹಿಲೆ ಬಿದ್ದಾಗ ನಿಮ್ಮನೆ ಮಗಳು ಅಂತ ಒಳಕೋಣೆವರೆಗೂ ಬಿಟ್ಟುಕೊಂಡಿದ್ವಿ." ಅಧಿಕಾರಿಯ ಮುಂದೆ ಬಂದು ನಿಜ ಹೇಳಿ ಎಂದರೆ, "ಹೇಗಮ್ಮ ಹೇಳಲಿ? ಮೂಗಿನ ಸಾಕ್ಷಿ ಬೇರೆ ಹೇಳಿಬಿಟ್ಟಿದೀನಲ್ಲ," ಎಂದು ಬಾಗಿಲು ಹಾಕಿಕೊಂಡರು. ಅಂಗಡಿಯಾಕೆ ಬರುತ್ತೇನೆ ಎಂದಳು, ಬರಲಿಲ್ಲ. ಆಮೇಲೆ ಬೇಳೆ ತೂಗುವಾಗ ಟೈಲರಮ್ಮನ ಮುಖ ನೋಡುವುದನ್ನೂ ಬಿಟ್ಟಳು.

ಅಧಿಕಾರಿಯ ಕಚೇರಿಯಲ್ಲಿ ಕರೆದ ದಿನ ಹೋದರೆ ಅಧಿಕಾರಿ ರಜೆ. ಇನ್ನೊಮ್ಮೆ ಹೋದರೆ ಮಧ್ಯಾಹ್ನದವರೆಗೂ ಬೆಂಚಿನಲ್ಲಿ ಕೂರಿಸಿ, ಇವತ್ತಾಗುವುದಿಲ್ಲ ಎಂದು ಕಳಿಸಿದರು. ಅತ್ತ ಸಮವಸ್ತ್ರ ತಡವಾಗಿ ಗಿರಾಕಿಗಳು ಅಂಗಡಿ ಮುಂದೆ ಬಾಯಿಗೆ ಬಂದಂತೆ ಅನ್ನುತ್ತಿದ್ದರು. ಇತ್ತ ಗಂಡ ಊಟದ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದ. ಮಗಳು ಮತ್ತು ಏಣಿ ದಪ್ಪ ಪುಸ್ತಕಗಳನ್ನು ತಿರುವಿ ಹಾಕುತ್ತ, ಈ ಕಲಮು ಆ ಕಲಮು ಎಂದು ಪಿಸುಗುಡುತ್ತಿದ್ದರು. ಅಮ್ಮನಿಗೆ ಏನು ಹೇಳಬೇಕೆಂದು ಮಾತ್ರ ಹೇಳಿಕೊಡಲೊಲ್ಲರು. ಅದು ತಪ್ಪಂತೆ. ಇಷ್ಟೆಲ್ಲ ಆದ ಮೇಲೂ ಅದು ತಪ್ಪೇ. ಟೈಲರಮ್ಮನಿಗೆ ಅವರಿಬ್ಬರನ್ನೂ ಒಂದೇ ದಾರದಲ್ಲಿ ಹೊಲಿದು ಕಪಾಟಿನಲ್ಲಿಡಬೇಕು ಎನಿಸುತ್ತಿತ್ತು.

ಮೂರನೆಯ ಸಲ ಒಳಗೆ ಕರೆದರು. ಗಂಡ ಎಂದಿನಂತೆ ಡ್ಯೂಟಿಗೆ ಹೋಗಿದ್ದ. ಅಧಿಕಾರಿ ನಡುವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು, ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು. ಟೈಲರಮ್ಮನೂ ನಾದಿನಿಯೂ ಎದುರು ಕೂತರು. ಮಗಳಿಗೆ ಹಿಂದಿನ ಕುರ್ಚಿ ಮಾತ್ರ, ಅವಳು ಬಾಯಿ ತೆರೆಯುವಂತಿರಲಿಲ್ಲ. ಏಣಿ ಎದ್ದು ನಿಂತು ಕಲಮುಗಳನ್ನು ಹೇಳತೊಡಗಿದಳು. ಅಧಿಕಾರಿ ಕೈಯಲ್ಲೇ ಸಾಕೆಂದರು.

"ಇಡೀ ಬೀದಿ ಸಂಬಂಧಿ ಅಂತಿದೆ. ನೀವೊಬ್ಬರೇ ಕೆಲಸದವಳು ಅಂತಿದೀರ. ನಾನು ಯಾರನ್ನ ನಂಬಲಿ?"

"ಬೀದಿಗೆ ಸುಳ್ಳು ಹೇಳಿಕೊಟ್ಟಿದ್ದೇ ನಾನು ಮೇಡಂ. ಯಾರಾದ್ರೂ ದೂರು ಕೊಟ್ಟಾರು ಅಂತ."

"ಅವತ್ತು ಸುಳ್ಳು ಹೇಳಿದವರು ಇವತ್ತು ನಿಜ ಹೇಳ್ತಿದೀರ ಅಂತ ಹೇಗೆ ತಿಳ್ಕೊಳ್ಳಲಿ? ಮನೇಲಿ ಏನೇನು ಮಾಡ್ತಾರೆ ಇವರು?"

"ಅತ್ತೆಯವರಿಗೆ ಸ್ನಾನ, ಬಟ್ಟೆ, ಊಟ, ಔಷಧಿ. ಅಡುಗೆ, ಪಾತ್ರೆ, ಕಸ, ಒಗೆಯೋದು." ಟೈಲರಮ್ಮ ಒಮ್ಮೆ ಹಿಂದೆ ತಿರುಗಿದಳು. "ನನ್ನ ಮಗಳು ಉಂಡ ತಟ್ಟೆ ಎತ್ತೋದು."

ಮಗಳು ತಲೆ ತಗ್ಗಿಸಿದಳು.

"ಇದೆಲ್ಲ ಮನೆಯವರೂ ಮಾಡೋದೇ. ಸಂಬಳ ಕೈಗೇ ಕೊಟ್ವಿ ಅಂತ ಬರೆದಿದೀರ, ಅದಕ್ಕೆ ಚೀಟಿಯೂ ಇಲ್ಲ. ಇವರಿಗೆ ವಾರದ ರಜೆ ಯಾವತ್ತು?"

"ಕೊಟ್ಟಿಲ್ಲ."

"ಹುಷಾರಿಲ್ಲದಾಗ?"

"ಹೋದ ಚಳಿಗಾಲ ಜ್ವರ ಬಂದಿತ್ತು. ಅವತ್ತೂ ಅವಳೇ ಎದ್ದು ಗಂಜಿ ಕಾಯಿಸಿದಳು. ಮಲಕ್ಕೋ ಅಂತ ನಾನು ಅನ್ನಲಿಲ್ಲ."

ಅಧಿಕಾರಿ ಮೂಗು ಒರೆಸಿಕೊಂಡರು. "ನೋಡಿ, ಕೆಲಸದವರಿಗೆ ರಜೆ ಇರುತ್ತೆ. ರಜೆ ಇಲ್ಲದೆ ದುಡಿಯೋರು ಮನೆ ಹೆಂಗಸರೇ. ನೀವೇ ನನ್ನ ಅನುಮಾನ ಗಟ್ಟಿ ಮಾಡ್ತಿದೀರ."

ಟೈಲರಮ್ಮನಿಗೆ ಪಿತ್ತ ನೆತ್ತಿಗೇರಿತು. ಬೀದಿಯ ಮೇಲೆ, ಗಂಡನ ಮೇಲೆ, ಈ ಹುಡುಗಿಯರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟಳು.

"ಮೇಡಂ, ನಿಮಗೂ ನಾದಿನಿ ಇರಬೋದು. ನಿಜವಾದ ನಾದಿನಿ ಆಗಿದ್ರೆ, ಜ್ವರ ಬಂದವಳ ಕೈಯಲ್ಲಿ ಗಂಜಿ ಮಾಡಿಸೋ ಧೈರ್ಯ ನನಗೆ ಇರ್ತಿತ್ತಾ? ಅವಳು ಸುಮ್ಮನೆ ಮಾಡ್ತಿದ್ಲಾ? ನನ್ನ ಗಂಡ, ನನ್ನ ಅತ್ತೆ ನನ್ನ ಸುಮ್ಮನೆ ಬಿಡ್ತಿದ್ರಾ? ಇವಳು ನನ್ನ ಮನೆ ಆಳು ಮೇಡಂ. ಆಳು ಅಂತಲೇ ನಾನು ಹಾಗೆ ದುಡಿಸಿದೆ. ಹೋಗೋಕೆ ಬೇರೆ ಜಾಗ ಇಲ್ಲ ಅಂತ ಗೊತ್ತಿದ್ದೇ ದುಡಿಸಿದೆ."

ಅಧಿಕಾರಿಯ ಮುಖದಲ್ಲಿ ಮೊದಲು ಸಣ್ಣ ನಗು ಬಂತು, ಆಮೇಲೆ ಹೋಯಿತು. ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನಾದಿನಿಯನ್ನು ಕೇಳಿದರು. "ಇವರು ಹೇಳಿದ್ದು ನಿಜಾನಾ?"

ನಾದಿನಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. "ನಿಜ."

ಹಿಂದಿರುಗುವಾಗ ಬಸ್ಸಿನಲ್ಲಿ ಟೈಲರಮ್ಮ ಕಿಟಕಿಯ ಪಕ್ಕ ಜಾಗ ಹಿಡಿದಿದ್ದಳು. ನಾದಿನಿ ಬಂದು ಕೂರಲಿಲ್ಲ, ಹಿಂದೆ ಕಂಬ ಹಿಡಿದು ನಿಂತಳು. ಆ ರಾತ್ರಿ ಎಲ್ಲರಿಗೂ ಬಡಿಸಿ, ತನ್ನ ತಟ್ಟೆಯನ್ನು ಅಡುಗೆಮನೆಯ ಮಣೆಯ ಬಳಿ ಇಟ್ಟುಕೊಂಡು ಕೂತಳು. ಮೂರು ವರ್ಷವೂ ಅವಳು ಉಂಡದ್ದು ಮೇಜಿನ ಆ ತುದಿಯಲ್ಲಿ, ಅಜ್ಜಿಯ ಕೋಣೆಯ ಬಾಗಿಲು ಕಾಣುವ ಕುರ್ಚಿಯಲ್ಲಿ.

"ಅತ್ತೆ, ಇಲ್ಲಿ ಬನ್ನಿ," ಎಂದಳು ಮಗಳು.

"ನೀವು ಉಣ್ಣಿ."

ಟೈಲರಮ್ಮ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. "ಬೇರೆ ದಾರಿ ಇರಲಿಲ್ಲ ಕಣೇ. ಹಾಗೆ ಹೇಳದೆ ಇದ್ರೆ ನಿನ್ನ ಕಳಿಸಿಬಿಡ್ತಿದ್ರು."

"ಗೊತ್ತು ಅಮ್ಮಾವ್ರೇ," ಎಂದಳು ಅವಳು ತಲೆಯೆತ್ತದೆ. "ನೀವು ಸುಳ್ಳೇನೂ ಹೇಳಲಿಲ್ಲವಲ್ಲ."

ಅತ್ತಿಗೆ ಹೋಗಿ ಅಮ್ಮಾವ್ರು ಬಂದಿತ್ತು. ಟೈಲರಮ್ಮ ಮೇಜಿಗೆ ಮರಳಿ ಬಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮಗಳು ಅಂದು ತನ್ನ ತಟ್ಟೆಯನ್ನು ತಾನೇ ತೊಳೆದಳು. ಅದನ್ನು ಯಾರೂ ಗಮನಿಸಲಿಲ್ಲ.

ಕೆಲವು ವಾರಗಳಲ್ಲಿ ತೀರ್ಮಾನ ಬಂತು. ನೆರೆಯವರ ಸಾಕ್ಷಿ ಬಿಟ್ಟು ಟೈಲರಮ್ಮನ ಒಪ್ಪಿಗೆಯನ್ನೇ ಅಧಿಕಾರಿ ನಂಬಿದ್ದರು. ಒಂದು ವರ್ಷದ ಪರವಾನಗಿ, ಆಮೇಲೆ ಮತ್ತೆ ಅರ್ಜಿ, ಮತ್ತೆ ಅದೇ ಬೆಂಚು. ವಾರಕ್ಕೊಂದು ರಜೆ ಕಡ್ಡಾಯ. ಗಂಡನ ಹೆಸರನ್ನು ಯಾರೂ ಎತ್ತಿರಲಿಲ್ಲ, ಆದರೂ ಮನೆ ಅವನ ಹೆಸರಲ್ಲಿದ್ದುದರಿಂದ ದಂಡದ ನೋಟೀಸು ನೇರ ಡಿಪೋಗೇ ಹೋಯಿತು. ಕಂಡಕ್ಟರುಗಳು ಅವನು ಹೆದರಿದಂತೆಯೇ ಆಡಿಕೊಂಡರು. ಅವನು ಹೆಂಡತಿಯೊಂದಿಗೆ ಮಾತು ಬಿಟ್ಟ. ಒಂದೇ ಮೇಜಿನಲ್ಲಿ ಕೂತು, "ಉಪ್ಪು ಕೊಡೋಕೆ ನಿಮ್ಮಮ್ಮನಿಗೆ ಹೇಳು" ಎಂದು ಮಗಳಿಗೆ ಹೇಳುತ್ತಿದ್ದ.

ಏಣಿ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಳು. ಕೇಂದ್ರದಲ್ಲಿ ಈ ನಿಯಮದ ಮೇಲೆ ಗೆದ್ದ ಮೊದಲ ಅರ್ಜಿಯಂತೆ ಇದು. "ಆಂಟಿ, ನೀವು ಹೇಳಿದ ಆ ಮಾತನ್ನ ನಮ್ಮ ಕಾಲೇಜಿನ ಮೇಡಂ ತರಗತೀಲೆಲ್ಲ ಹೇಳ್ತಿದಾರೆ," ಎಂದಳು. ಟೈಲರಮ್ಮ ಅವಳಿಗೆ ಚಹಾ ಕೊಟ್ಟು, ಹಾಗೆ ಹೇಳುವುದನ್ನು ನಿಲ್ಲಿಸಲು ಹೇಳಮ್ಮ ಎಂದಳು.

ಶನಿವಾರ ಸಂಜೆ ನಾದಿನಿ ಬಂದು ಹೊಲಿಗೆ ಯಂತ್ರದ ಪಕ್ಕ ನಿಂತಳು.

"ಅಮ್ಮಾವ್ರೇ, ನಾಳೆ ನನಗೆ ರಜೆ."

"ಹೌದಲ್ವಾ. ಹೋಗಿ ಬಾ. ಎಲ್ಲಿಗೆ ಹೋಗ್ತೀಯ?"

"ನಮ್ಮ ಕಡೆಯವರು ಒಂದು ಕಡೆ ಸೇರ್ತಾರಂತೆ. ಇಷ್ಟು ದಿನ ಹೆದರಿಕೆಗೆ ಹೋಗಿರಲಿಲ್ಲ. ಬರೋವಾಗ ಊರಿಗೆ ಟಿಕೆಟ್ ಮಾಡಿಸಿಕೊಂಡು ಬರ್ತೀನಿ. ಮುಂದಿನ ತಿಂಗಳು ಮಗಳ ಶಾಲೆಗೆ ರಜೆ." ಹೊಲಿದ ಬಟ್ಟೆ ಮಡಿಸಿಡುತ್ತ, "ತಿರುಗಿ ಬರ್ತೀನಿ. ದೊಡ್ಡಮ್ಮನ..." ಎಂದವಳು ಮಾತು ನುಂಗಿ, "ಅಜ್ಜಿಯವರ ಔಷಧಿ ಮೇಲಿನ ಗೂಡಲ್ಲಿದೆ," ಎಂದಳು.

ಭಾನುವಾರ ಬೆಳಗ್ಗೆ ಅವಳು ತಲೆ ಬಾಚಿ, ಟೈಲರಮ್ಮನ ಮಗಳು ಕೊಟ್ಟ ಹಸಿರು ಸೀರೆ ಉಟ್ಟು ಹೊರಟಳು. ಎದುರುಮನೆಯ ಮೇಷ್ಟ್ರು ಗೇಟಿನಲ್ಲಿದ್ದವರು ಮುಖ ತಿರುಗಿಸಿಕೊಂಡರು. ಅವಳು ಅದನ್ನು ಕಂಡೂ ಕಾಣದವಳಂತೆ ಬೀದಿಯ ನಡುವೆಯೇ ನಡೆದು ಹೋದಳು. ಮಗಳು ಪರೀಕ್ಷೆಗೆ ಓದುತ್ತಿದ್ದಳು. ಗಂಡ ಯಾರಿಗೂ ಹೇಳದೆ ಹೊರಗೆ ಹೋಗಿದ್ದ.

ಟೈಲರಮ್ಮ ಅಜ್ಜಿಯ ಬಟ್ಟೆ ಬದಲಿಸಿದಳು, ಹಾಸಿಗೆ ಸರಿಮಾಡಿದಳು, ಮೈ ಒರೆಸಿದಳು. ಕೈ ಒರಟಾಯಿತೆಂದು ಅಜ್ಜಿ ಬೈದರು. ನಾದಿನಿ ಎಲ್ಲಿಗೆ ಹಿಡಿಯುತ್ತಿದ್ದಳು, ಹೇಗೆ ಹೊರಳಿಸುತ್ತಿದ್ದಳು ಎಂದು ಟೈಲರಮ್ಮನಿಗೆ ಗೊತ್ತಿರಲಿಲ್ಲ, ನೋಡಿಯೇ ಇರಲಿಲ್ಲ. ಬೆನ್ನು ಹಿಡಿದುಕೊಂಡಿತು. ಗಂಜಿ ತಂದು ಪಕ್ಕದಲ್ಲಿ ಕೂತಾಗ ಅಜ್ಜಿ ಮೊದಲ ಚಮಚವನ್ನೇ ಉಗಿದರು.

"ಉಪ್ಪು ಹಾಕೋಕೆ ಬರಲ್ವೇನೇ? ಯಾರೇ ನೀನು? ಹೊಸ ಕೆಲಸದವಳಾ?"

"ನಾನು ನಿಮ್ಮ ಸೊಸೆ, ಅತ್ತೆಮ್ಮ."

"ಸೊಸೆ ಅಂಗಡಿಗೆ ಹೋಗಿದಾಳೆ. ಅವಳಿಗೆಲ್ಲಿ ಪುರುಸೊತ್ತು? ನನ್ನ ತಂಗಿ ಮಗಳನ್ನ ಕರಿ."

"ಅವಳಿಗೆ ಇವತ್ತು ರಜೆ."

ಅಜ್ಜಿ ಗಲ್ಲ ಒರೆಸಿಕೊಂಡರು. "ಒಳ್ಳೇದಾಯ್ತು ಬಿಡು. ಪಾಪ, ಒಂದು ದಿನ ಕೂತಿದ್ದು ಕಾಣೆ ನಾನು." ಆಮೇಲೆ ಎದುರು ಕೂತವಳ ಕೆದರಿದ ಕೂದಲನ್ನು, ಬೆವೆತ ಹಣೆಯನ್ನು ನೋಡಿ ಅವರ ದನಿ ಮೆತ್ತಗಾಯಿತು. ಸುಕ್ಕುಗಟ್ಟಿದ ಕೈಯನ್ನು ಅವಳ ಮೊಣಕಾಲ ಮೇಲಿಟ್ಟರು.

"ನಿನಗೆ ಯಾವತ್ತೇ ರಜೆ?"

ಟೈಲರಮ್ಮ ಗಂಜಿಗೆ ಉಪ್ಪು ಹಾಕಿ ತರಲು ಬಟ್ಟಲು ಹಿಡಿದು ಅಡುಗೆಮನೆಗೆ ಎದ್ದು ಹೋದಳು.